ಕಾಮರ್ಸ್ ಜೊತೆ ಸೈನ್ಸ್: ನಾಲ್ಕು ವರ್ಷದ ಲೆಕ್ಕ

(ಮೆಲ್ಬರ್ನ್‌ನಲ್ಲಿರುವ ಕನ್ನಡ ಕುಟುಂಬಗಳ ಹೈಸ್ಕೂಲ್ ಮಕ್ಕಳು ಮತ್ತು ಅವರ ಹೆತ್ತವರ ಎದುರು ಆಡಿದ ಮಾತುಗಳ ಬರಹ ರೂಪ.)

ಇಲ್ಲಿ ಕೂತಿರುವ ಅಪ್ಪ ಅಮ್ಮಂದಿರನ್ನು ಮೊದಲು ಒಂದು ಮಾತು ಕೇಳುತ್ತೇನೆ. ನೀವು ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆ ನೆನಪಿದೆಯಾ? ರಿಸಲ್ಟ್ ಬಂದ ಮೇಲೆ ಮನೆಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ. "ಸೈನ್ಸಾ, ಕಾಮರ್ಸಾ?" ಹದಿನಾರನೇ ವಯಸ್ಸಿಗೆ ಆ ಉತ್ತರ ಕೊಡಬೇಕಿತ್ತು. ಸೈನ್ಸ್ ತಗೊಂಡವರು ಆಮೇಲೆ ಮನಸ್ಸು ಬದಲಾಯಿಸಿ ಬಿಕಾಂಗೆ ಹೋಗಬಹುದಿತ್ತು. ಕಾಮರ್ಸ್ ತಗೊಂಡವರಿಗೆ ಬಿಎಸ್ಸಿ ಬಾಗಿಲು ಅಲ್ಲಿಗೇ ಮುಚ್ಚುತ್ತಿತ್ತು.

ನಾನು ಸೈನ್ಸ್ ಅಂದೆ. ಶಿವಮೊಗ್ಗದಲ್ಲಿ ಮೊದಲ ಪಿಯುಸಿ, ಪಿಸಿಎಂಬಿ. ಅಷ್ಟರಲ್ಲಿ ಅಪ್ಪನಿಗೆ ಇಲ್ಲಿ ಕೆಲಸವಾಯಿತು. ಮೆಲ್ಬರ್ನ್‌ಗೆ ಬಂದು ವಿಸಿಇ, ಅಂದರೆ ಇಲ್ಲಿನ ಪಿಯುಸಿ, ಸೇರುವಾಗ ಶಾಲೆಯವರು ವಿಷಯಗಳ ಪಟ್ಟಿ ಕೊಟ್ಟರು. ಕೆಮಿಸ್ಟ್ರಿ ಇದ್ದ ಹಾಳೆಯಲ್ಲೇ ಅಕೌಂಟಿಂಗ್ ಕೂಡ ಇತ್ತು. ಎರಡನ್ನೂ ತಗೊಳ್ಳಬಹುದಾ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ವಿಶ್ವವಿದ್ಯಾಲಯದಲ್ಲೂ ಹಾಗೇ ಮಾಡಿದೆ. ಬ್ಯಾಚುಲರ್ ಆಫ್ ಕಾಮರ್ಸ್, ಬ್ಯಾಚುಲರ್ ಆಫ್ ಸೈನ್ಸ್, ಎರಡೂ ಒಟ್ಟಿಗೆ. ಒಂದರಲ್ಲಿ ಫೈನಾನ್ಸ್, ಇನ್ನೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್.

ಇದು ಹೊಸ ಕಾಲದ ಹೊಸ ಐಡಿಯಾ ಅಂತ ಕೆಲವರಿಗೆ ಅನಿಸಬಹುದು. ಹಾಗಲ್ಲ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತದ ಪುಸ್ತಕ ಬರೆದ. ಅದರ ಹೆಸರು 'ವ್ಯವಹಾರಗಣಿತ'. ಹೆಸರಿನಲ್ಲೇ ಎರಡೂ ಇವೆ, ನೋಡಿ. ಅದಕ್ಕೂ ಮೊದಲು, ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಬಡ್ಡಿ ಲೆಕ್ಕವಿದೆ, ಬೇರೆ ಬೇರೆ ಗುಣಮಟ್ಟದ ಚಿನ್ನ ಬೆರೆಸುವ ಲೆಕ್ಕವಿದೆ. ಅದು ಸೈನ್ಸಾ, ಕಾಮರ್ಸಾ? ಆ ಪ್ರಶ್ನೆಯೇ ಅವರಿಗೆ ಅರ್ಥವಾಗುತ್ತಿರಲಿಲ್ಲ ಅಂತ ನನಗನಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ಒಂದು ಡಿಗ್ರಿಗೆ ಮೂರು ವರ್ಷ. ಎರಡಕ್ಕೆ ಆರು ವರ್ಷ ಆಗಬೇಕು. ಆದರೆ ಡಬಲ್ ಡಿಗ್ರಿ ನಾಲ್ಕೇ ವರ್ಷಕ್ಕೆ ಮುಗಿಯುತ್ತದೆ. ಹೇಗೆ? ವಿಶ್ವವಿದ್ಯಾಲಯದವರು ಡಿಸ್ಕೌಂಟ್ ಕೊಡುತ್ತಾರಾ? ಇಲ್ಲ. ಒಂದು ಸೆಮಿಸ್ಟರ್‌ನಲ್ಲಿ ಓದುವ ಒಂದು ವಿಷಯಕ್ಕೆ ಯೂನಿಟ್ ಅನ್ನುತ್ತಾರೆ. ಒಂದು ಡಿಗ್ರಿ ಅಂದರೆ ಸಾಮಾನ್ಯವಾಗಿ 24 ಯೂನಿಟ್, ವರ್ಷಕ್ಕೆ ಎಂಟು. ಸುಲಭಕ್ಕೆ ಅದನ್ನು ಮೂರು ಪಾಲು ಮಾಡಿ. ಎಲ್ಲರೂ ಓದಲೇಬೇಕಾದದ್ದು ಒಂದು ಪಾಲು. ನಿಮ್ಮ ಮೇಜರ್, ಅಂದರೆ ನೀವು ಆಳವಾಗಿ ಓದುವ ಮುಖ್ಯ ವಿಷಯ, ಒಂದು ಪಾಲು. ನಿಮ್ಮ ಇಷ್ಟಕ್ಕೆ ಬಿಟ್ಟ ಎಲೆಕ್ಟಿವ್‌ಗಳು ಇನ್ನೊಂದು ಪಾಲು. ಡಬಲ್ ಡಿಗ್ರಿಯಲ್ಲಿ ಈ ಮೂರನೇ ಪಾಲೇ ಮಾಯ. ಕಾಮರ್ಸ್‌ನ ಎಲೆಕ್ಟಿವ್ ಜಾಗದಲ್ಲಿ ಸೈನ್ಸ್ ಕೂರುತ್ತದೆ, ಸೈನ್ಸ್‌ನ ಎಲೆಕ್ಟಿವ್ ಜಾಗದಲ್ಲಿ ಕಾಮರ್ಸ್ ಕೂರುತ್ತದೆ. 16 ಮತ್ತು 16, ಒಟ್ಟು 32 ಯೂನಿಟ್. ಅದೇ ನಾಲ್ಕು ವರ್ಷ. ಇಲ್ಲಿನ ಮೊನಾಶ್ ವಿಶ್ವವಿದ್ಯಾಲಯದಲ್ಲಿ, ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಹೆಚ್ಚುಕಮ್ಮಿ ಇದೇ ಲೆಕ್ಕ.

ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಇದಕ್ಕೆ ಕಂಜಾಯಿಂಟ್ ಅನ್ನುತ್ತಾರೆ. ಅಲ್ಲಿ ಒಂದು ಡಿಗ್ರಿಗೆ 360 ಪಾಯಿಂಟ್, ಎರಡು ಸೇರಿದರೆ 540. ನಾಲ್ಕು ವರ್ಷದಲ್ಲೇ ಮುಗಿಸಬೇಕೆಂದರೆ ಪ್ರತಿ ವರ್ಷ ಬೇರೆಯವರಿಗಿಂತ ಒಂದು ಕೋರ್ಸ್ ಜಾಸ್ತಿ ಓದಬೇಕು. ನಮ್ಮದೇ ಊರಿನ ಯೂನಿವರ್ಸಿಟಿ ಆಫ್ ಮೆಲ್ಬರ್ನ್ ಹಿಡಿದದ್ದು ಬೇರೆ ದಾರಿ. 2008ರಲ್ಲಿ ಅವರು ಡಿಗ್ರಿಗಳ ಸಂಖ್ಯೆಯನ್ನೇ ಬಹಳ ಕಡಿಮೆ ಮಾಡಿದರು. ಅಲ್ಲಿ ಕಾಮರ್ಸ್ ಸೇರಿದರೆ ಒಂದಷ್ಟು ವಿಷಯಗಳನ್ನು ಹೊರಗಿನಿಂದ ಓದಲೇಬೇಕು. ಅದಕ್ಕೆ ಬ್ರೆಡ್ತ್ ಅಂತ ಹೆಸರು. ಗಣಿತ ಜಾಸ್ತಿ ಬೇಕು ಅನ್ನುವವರು ಜೊತೆಯಲ್ಲೇ ಗಣಿತದ ಡಿಪ್ಲೊಮಾ ಮಾಡಬಹುದು. ಎರಡನೇ ಡಿಗ್ರಿಯ ಸರ್ಟಿಫಿಕೇಟ್ ಬೇಡ, ಆ ಕಡೆಯ ತಿಳಿವಳಿಕೆ ಬೇಕು ಅನ್ನುವ ಮಕ್ಕಳಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಹೆತ್ತವರು ಇದನ್ನು "ಒಂದೇ ಡಿಗ್ರಿ ಅಲ್ವಾ" ಅಂತ ತಳ್ಳಿಹಾಕಬೇಡಿ.

ಆ ಮೂರನೇ ಪಾಲಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಎಲೆಕ್ಟಿವ್ ಅಂದರೆ ಸುಮ್ನೆ ತುಂಬಿಸುವ ಜಾಗ ಅಲ್ಲ. ತಪ್ಪಿ ಹೋಗಿ ಇಷ್ಟವಾಗುವ ವಿಷಯ ಸಿಗುವುದು ಅಲ್ಲೇ. ನನ್ನ ಗೆಳತಿ ಒಬ್ಬಳು ಬರೀ ಸೈನ್ಸ್ ಓದಿದಳು. ಎರಡನೇ ವರ್ಷ ಸುಮ್ನೆ ಒಂದು ಭಾಷಾಶಾಸ್ತ್ರದ ಯೂನಿಟ್ ತಗೊಂಡಳು. ಈಗ ಅದೇ ಅವಳ ಕೆಲಸ. ನನಗೆ ಆ ಅವಕಾಶ ಇರಲಿಲ್ಲ. ನಾಲ್ಕು ವರ್ಷದಲ್ಲಿ ಒಂದು ಯೂನಿಟ್ ಕೂಡ ಬರೀ ಆಸೆಗಾಗಿ ತಗೊಳ್ಳಲು ಆಗಲಿಲ್ಲ. ಅಕೌಂಟೆಂಟ್ ಆಗಬೇಕು ಅನ್ನುವವರಿಗೂ ಇಲ್ಲೊಂದು ಎಚ್ಚರಿಕೆ ಇದೆ. ವೃತ್ತಿ ಸಂಸ್ಥೆಗಳು ಇಂತಿಂಥ ಅಕೌಂಟಿಂಗ್ ವಿಷಯ ಓದಿರಬೇಕು ಅಂತ ಪಟ್ಟಿ ಇಟ್ಟಿರುತ್ತವೆ. ಬರೀ ಬಿಕಾಂನವರು ಎಲೆಕ್ಟಿವ್‌ನಲ್ಲಿ ಅದನ್ನು ಹೊಂದಿಸಿಕೊಳ್ಳುತ್ತಾರೆ. ಡಬಲ್ ಡಿಗ್ರಿಯವರು ಮೊದಲ ದಿನದಿಂದಲೇ ಆ ಪಟ್ಟಿ ನೋಡಿ ಯೋಜನೆ ಹಾಕದಿದ್ದರೆ ಕೊನೆಯಲ್ಲಿ ಒಂದೆರಡು ಯೂನಿಟ್ ಕಡಿಮೆ ಬೀಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿ ಬಹಳ ಇದೆ. ನಾಲ್ಕು ವರ್ಷ ಓದಿದರೆ ಆನರ್ಸ್ ಆಯಿತು ಅಂದುಕೊಳ್ಳುತ್ತಾರೆ. ಆಗಲಿಲ್ಲ. ಆನರ್ಸ್ ಬೇರೆಯೇ ಒಂದು ವರ್ಷ, ಅದರಲ್ಲಿ ಪ್ರಬಂಧ ಬರೆಯಬೇಕು. ಮುಂದೆ ಪಿಎಚ್‌ಡಿ ಆಸೆ ಇರುವ ಮಕ್ಕಳು ಐದು ವರ್ಷ ಅಂತಲೇ ಲೆಕ್ಕ ಹಾಕಿ.

ಫೀಸಿನ ಬಗ್ಗೆ ಎಲ್ಲರೂ ಕೇಳುತ್ತೀರಿ. ಇದು ಸ್ವಲ್ಪ ಗಮನ ಕೊಟ್ಟು ಕೇಳಬೇಕಾದ ಭಾಗ. ಸರ್ಕಾರದ ನೆರವಿನ ಸೀಟಿನಲ್ಲಿ ಫೀಸು ಡಿಗ್ರಿಯ ಹೆಸರಿಗಲ್ಲ, ಪ್ರತಿ ಯೂನಿಟ್‌ನ ವಿಷಯಕ್ಕೆ. 2021ರಲ್ಲಿ ಈ ದರಗಳು ಪೂರಾ ಬದಲಾದವು. ಆ ವರ್ಷ ಗಣಿತ ಮತ್ತು ಸ್ಟ್ಯಾಟಿಸ್ಟಿಕ್ಸ್‌ಗೆ ವರ್ಷಕ್ಕೆ 3,950 ಡಾಲರ್, ವಿಜ್ಞಾನಕ್ಕೆ 7,950, ಕಾಮರ್ಸ್‌ಗೆ 14,500. ಒಂದು ಯೂನಿಟ್‌ಗೆ ಇಳಿಸಿ ನೋಡಿ. ಸ್ಟ್ಯಾಟಿಸ್ಟಿಕ್ಸ್ ಯೂನಿಟ್‌ಗೆ ಸುಮಾರು 494, ಫೈನಾನ್ಸ್ ಯೂನಿಟ್‌ಗೆ ಸುಮಾರು 1,812. ಒಬ್ಬಳೇ ವಿದ್ಯಾರ್ಥಿ, ಒಂದೇ ದಿನ, ಬೆಳಗ್ಗೆ ಒಂದು ಕ್ಲಾಸು ಮಧ್ಯಾಹ್ನ ಒಂದು ಕ್ಲಾಸು, ಮಧ್ಯಾಹ್ನದ್ದಕ್ಕೆ ಬೆಳಗಿನದ್ದರ ಮೂರೂವರೆ ಪಟ್ಟಿಗಿಂತ ಜಾಸ್ತಿ. ಈಚೆಗೆ ದರಗಳು ವರ್ಷ ವರ್ಷ ಏರುತ್ತಿವೆ, ಆದರೆ ಅಂತರ ಹಾಗೇ ಇದೆ. ಕಾಮರ್ಸ್ ಓದುವ ಮಕ್ಕಳ ಮೇಲೆ ಇಷ್ಟು ಹೊರೆ ಹಾಕುವುದು ನ್ಯಾಯವಲ್ಲ ಅಂತ ನನ್ನ ಅಭಿಪ್ರಾಯ. ಆದರೆ ದರ ಇರುವುದು ಹಾಗೆ.

ಇದರಲ್ಲಿ ನಮ್ಮಂಥ ವಲಸೆ ಬಂದ ಮನೆಗಳಿಗೆ ತಾಗುವ ಒಂದು ವಿಷಯವಿದೆ. ಪರ್ಮನೆಂಟ್ ರೆಸಿಡೆನ್ಸಿ (ಪಿಆರ್) ಇದ್ದರೆ ನೆರವಿನ ಸೀಟು ಸಿಗುತ್ತದೆ. ಆದರೆ ಫೀಸಿಗಾಗಿ ಸರ್ಕಾರ ಕೊಡುವ ಹೆಕ್ಸ್ ಸಾಲ ಸಾಮಾನ್ಯವಾಗಿ ಸಿಟಿಜನ್ ಆದವರಿಗೆ ಮಾತ್ರ. ಅಂದರೆ ಪಿಆರ್ ಮಕ್ಕಳು ಪ್ರತಿ ಸೆಮಿಸ್ಟರ್ ದುಡ್ಡು ಮೊದಲೇ ಕಟ್ಟಬೇಕು. ನಮ್ಮ ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಬಿಲ್ ಬಂದ ರಾತ್ರಿ ಅಮ್ಮ ಊರಿಗೆ ಹೋಗಲು ಕೂಡಿಟ್ಟಿದ್ದ ದುಡ್ಡು ತೆಗೆದರು. ನಿಮ್ಮ ಮನೆಯಲ್ಲಿ ಹಾಗಾಗಬಾರದು. ಮಗು ಹನ್ನೊಂದನೇ ಕ್ಲಾಸಿನಲ್ಲಿರುವಾಗಲೇ ಸಿಟಿಜನ್‌ಶಿಪ್ ಅರ್ಜಿಯ ದಿನಾಂಕ ನೋಡಿಕೊಳ್ಳಿ.

ಓದುವಾಗ ನಾನು ಎಡವಿದ್ದನ್ನೂ ಹೇಳುತ್ತೇನೆ. ಡಬಲ್ ಡಿಗ್ರಿ ಮಗುವಿಗೆ ಎರಡು ವಿಭಾಗ, ಇಬ್ಬರು ಸಲಹೆಗಾರರು. ಬಿಸಿನೆಸ್ ಕಡೆಯವರು ತಮ್ಮ ಪಟ್ಟಿ ನೋಡಿ, "ಗಣಿತ ಆಮೇಲೆ ತಗೊಂಡರೂ ಆಗುತ್ತೆ" ಅಂದರು. ಅವರ ಮಟ್ಟಿಗೆ ಅದು ಸರಿಯೇ. ನಾನು ಲೀನಿಯರ್ ಆಲ್ಜಿಬ್ರಾ ಅನ್ನುವ ಗಣಿತದ ಯೂನಿಟ್ ಮುಂದೂಡಿದೆ. ಎರಡನೇ ವರ್ಷದ ಸ್ಟ್ಯಾಟಿಸ್ಟಿಕ್ಸ್ ಯೂನಿಟ್‌ಗೆ ಸೇರಲು ಹೋದಾಗ ಕಂಪ್ಯೂಟರ್ ಬಿಡಲಿಲ್ಲ. ಲೀನಿಯರ್ ಆಲ್ಜಿಬ್ರಾ ಮೊದಲು ಆಗಿರಬೇಕಿತ್ತು. ಆ ಸ್ಟ್ಯಾಟಿಸ್ಟಿಕ್ಸ್ ಯೂನಿಟ್ ವರ್ಷಕ್ಕೆ ಒಂದೇ ಸಲ ನಡೆಯುತ್ತಿತ್ತು. ಅದು ಒಂದು ವರ್ಷ ಹಿಂದೆ ಹೋಯಿತು, ಅದನ್ನು ನಂಬಿದ್ದ ಮೂರನೇ ವರ್ಷದ ಎರಡು ಯೂನಿಟ್ ಕೂಡ ಹಿಂದೆ ಹೋದವು. ನಾಲ್ಕು ವರ್ಷದ ಓದು ನಾಲ್ಕೂವರೆ ಆಯಿತು. ಯಾರ ತಪ್ಪೂ ಅಲ್ಲ ಅನ್ನಬಹುದು, ಆದರೆ ಎರಡೂ ಪಟ್ಟಿಯನ್ನು ಒಟ್ಟಿಗೆ ಇಟ್ಟುಕೊಂಡು ನೋಡುವವರು ಅಲ್ಲಿ ಯಾರೂ ಇರಲಿಲ್ಲ. ಆ ಕೆಲಸ ವಿದ್ಯಾರ್ಥಿಯೇ ಮಾಡಬೇಕು. ಮೊದಲ ವಾರವೇ ಒಂದು ದೊಡ್ಡ ಹಾಳೆ ತಗೊಂಡು 32 ಚೌಕ ಬರೆಯಿರಿ. ಕೊನೆಯ ವರ್ಷದ ಯೂನಿಟ್‌ನಿಂದ ಹಿಂದಕ್ಕೆ ಬನ್ನಿ. ಯಾವುದಕ್ಕೆ ಯಾವುದು ಮೊದಲು ಆಗಿರಬೇಕು ಅಂತ ಗೆರೆ ಎಳೆಯಿರಿ. ಗಣಿತದ ಗೆರೆಗಳೇ ಅತಿ ಉದ್ದ ಇರುತ್ತವೆ, ಅವನ್ನು ಮೊದಲು ಮುಗಿಸಿ. ಸೆನ್ಸಸ್ ಡೇಟ್ ಅನ್ನುವ ದಿನವನ್ನೂ ಬರೆದಿಟ್ಟುಕೊಳ್ಳಿ. ಆ ದಿನದೊಳಗೆ ಬಿಟ್ಟ ಯೂನಿಟ್‌ಗೆ ಫೀಸಿಲ್ಲ, ಮರುದಿನ ಬಿಟ್ಟರೆ ಪೂರ್ತಿ ಫೀಸು.

ಇಷ್ಟೆಲ್ಲ ಕಷ್ಟ ಯಾಕೆ ಪಡಬೇಕು? ಇದೇ ಇವತ್ತಿನ ಮುಖ್ಯ ಪ್ರಶ್ನೆ. "ಒಂದು ಕೈಕೊಟ್ಟರೆ ಇನ್ನೊಂದು ಇರಲಿ" ಅನ್ನುವ ಕಾರಣ ಸಾಲದು ಅಂತ ನಾನು ಹೇಳುತ್ತೇನೆ. ಅಷ್ಟಕ್ಕೇ ಓದಿದರೆ ಎರಡೂ ಅರ್ಧರ್ಧ ಆಗುತ್ತವೆ. ನನಗೆ ಕಾರಣ ಸಿಕ್ಕಿದ್ದು ಮೂರನೇ ವರ್ಷ, ಅದೂ ಕ್ಯಾಂಪಸ್‌ನಲ್ಲಿ ಅಲ್ಲ, ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ.

ಮಲೆನಾಡಿನವರು ಇಲ್ಲಿ ಕೆಲವರಿದ್ದೀರಿ, ನಿಮಗೆ ಕೊಳೆರೋಗ ಹೊಸದಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಬಿಡುವಿಲ್ಲದೆ ಮಳೆ ಹೊಡೆದರೆ ಅಡಿಕೆಯ ಎಳೆಕಾಯಿ ಕೊಳೆತು ಉದುರುತ್ತದೆ. ಅದಕ್ಕೆ ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಬೋರ್ಡೋ ಔಷಧಿ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕೆಲವರು ಅಡಿಕೆ ಗೊನೆಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಾರೆ. ಮಳೆ ಬಿಡದಿದ್ದರೆ ಎರಡನೇ ಔಷಧಿ ಹೊಡೆಯಲು ಮರ ಹತ್ತುವುದಕ್ಕೇ ಆಗುವುದಿಲ್ಲ.

ಆ ವರ್ಷ ರಜೆಗೆ ಹೋಗಿದ್ದೆ. ತೋಟ ನೋಡಿಕೊಳ್ಳುವ ಚಿಕ್ಕಪ್ಪ ಹೊಸದಾಗಿ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದ್ದರು. ತೋಟಗಾರಿಕೆ ಬೆಳೆಗೆ ವಿಮಾ ಮೊತ್ತದ ಶೇ 5ರವರೆಗೆ ರೈತರು ಕಟ್ಟಬೇಕು, ಉಳಿದ ಪ್ರೀಮಿಯಂ ಸರ್ಕಾರಗಳದ್ದು. ಈ ವಿಮೆಯಲ್ಲಿ ತೋಟ ನೋಡಲು ಯಾರೂ ಬರುವುದಿಲ್ಲ. ಪಂಚಾಯಿತಿಯಲ್ಲಿ ಇಟ್ಟಿರುವ ಮಳೆ ಮಾಪಕ ಇಷ್ಟು ಮಿಲಿಮೀಟರ್ ತೋರಿಸಿದರೆ ಇಷ್ಟು ದುಡ್ಡು, ಅಷ್ಟೇ. ನಮ್ಮ ತೋಟ ಗುಡ್ಡದ ಬುಡದಲ್ಲಿ, ಮಾಪಕ ಆ ಕಡೆ ಬಯಲಿನಲ್ಲಿ. ಆ ಸಲ ತೋಟದಲ್ಲಿ ಅರ್ಧಕ್ಕರ್ಧ ಕಾಯಿ ಉದುರಿತ್ತು. ಮಾಪಕದ ಪ್ರಕಾರ ಮಳೆ ಅಷ್ಟೇನೂ ಜಾಸ್ತಿ ಇರಲಿಲ್ಲ. ಚಿಕ್ಕಪ್ಪ ನನ್ನನ್ನು ಕೇಳಿದರು, "ನೀನು ಎರಡೆರಡು ಡಿಗ್ರಿ ಓದ್ತಿದ್ದೀಯಲ್ಲ, ಇದು ಯಾಕೆ ಹೀಗೆ ಅಂತ ಹೇಳು."

ನನಗೆ ಆಗ ಹೇಳಲು ಬರಲಿಲ್ಲ. ಆದರೆ ಆ ಪ್ರಶ್ನೆಯಲ್ಲಿ ನನ್ನ ಎರಡೂ ಓದು ಇತ್ತು. ಬನ್ನಿ, ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಕಳೆದ 30 ವರ್ಷದಲ್ಲಿ 6 ಸಲ ಅಂಥ ಮಳೆ ಬಂದಿದೆ ಅನ್ನೋಣ. ಬಂದಾಗ ಒಬ್ಬ ಬೆಳೆಗಾರನಿಗೆ 40,000 ರೂಪಾಯಿ ಕೊಡಬೇಕು. ಸರಾಸರಿ ವರ್ಷಕ್ಕೆ 8,000 ಬಿತ್ತು. ಪ್ರೀಮಿಯಂ 8,000 ಇಟ್ಟರೆ ಸಾಕಾ? ಕಾಮರ್ಸ್ ಓದಿದವರು ತಕ್ಷಣ ತಡೆಯುತ್ತಾರೆ. ಸಾವಿರ ಬೆಳೆಗಾರರಿಂದ ವರ್ಷಕ್ಕೆ 80 ಲಕ್ಷ ಬಂತು. ಆದರೆ ಮಳೆ ಒಬ್ಬರ ತೋಟಕ್ಕೆ ಬಂದು ಇನ್ನೊಬ್ಬರದ್ದನ್ನು ಬಿಡುವುದಿಲ್ಲ, ಆ ವರ್ಷ ಎಲ್ಲರೂ ಒಟ್ಟಿಗೆ ಕೇಳುತ್ತಾರೆ. ಒಂದೇ ಸಲ 4 ಕೋಟಿ ಬೇಕು. ಆ ದುಡ್ಡು ಎಲ್ಲಿಂದ? ಬಂಡವಾಳ ಎಷ್ಟು ತೆಗೆದಿಡಬೇಕು, ವಿಮಾ ಕಂಪನಿ ತಾನೇ ಇನ್ನೊಂದು ಕಡೆ ವಿಮೆ ಮಾಡಿಸಬೇಕಾ, ಅದರ ಖರ್ಚು ಯಾರ ಮೇಲೆ?

ಸೈನ್ಸ್ ಓದಿದವರ ಅನುಮಾನ ಬೇರೆ. 30 ವರ್ಷದ ಹಿಂದಿನ ಮಳೆಯೂ ಇವತ್ತಿನ ಮಳೆಯೂ ಒಂದೇನಾ? ಆ ಒಂದು ಮಾಪಕ ಗುಡ್ಡದ ಬುಡದ ತೋಟದ ಪರವಾಗಿ ಮಾತಾಡಬಲ್ಲದಾ? ಒಂದೇ ಜಿಲ್ಲೆಯೊಳಗೆ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಶಿವಮೊಗ್ಗ ನಗರದಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಕಾಯಿ ಕೊಳೆಯುವುದು ಒಟ್ಟು ಮಳೆಯಿಂದಲಾ, ಬಿಡುವಿಲ್ಲದ ದಿನಗಳಿಂದಲಾ? ನಷ್ಟ ಆದದ್ದು ಒಂದು ಕಡೆ, ಅಳತೆ ಇನ್ನೊಂದು ಕಡೆ ಆದಾಗ ಉಳಿಯುವ ಅಂತರಕ್ಕೆ ಬೇಸಿಸ್ ರಿಸ್ಕ್ ಅನ್ನುತ್ತಾರೆ. ಫೈನಾನ್ಸ್ ಕ್ಲಾಸಿನಲ್ಲಿ ಈ ಪದಕ್ಕೆ ಎರಡು ಸಾಲು ವಿವರಣೆ ಇತ್ತು. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಪದವೇ ಬರಲಿಲ್ಲ, ಆದರೆ ಅದನ್ನು ಅಳೆಯುವ ದಾರಿ ಪೂರ್ತಿ ಅಲ್ಲಿತ್ತು. ಎರಡನ್ನೂ ಒಂದು ಕಡೆ ತಂದು ಯಾವ ಮೇಷ್ಟ್ರೂ ಕಲಿಸಲಿಲ್ಲ. ಎರಡು ಡಿಗ್ರಿಯನ್ನು ವಿಶ್ವವಿದ್ಯಾಲಯ ಜೋಡಿಸಿ ಕೊಡುವುದಿಲ್ಲ, ಅಕ್ಕಪಕ್ಕ ಇಟ್ಟು ಕೊಡುತ್ತದೆ.

ಜೋಡಿಸಿದವರ ಒಂದು ಹಳೆಯ ಕಥೆ ನನಗೆ ಬಹಳ ಇಷ್ಟ. ವಿಲಿಯಂ ಗೊಸೆಟ್ ಅಂತ ಒಬ್ಬರು ಆಕ್ಸ್‌ಫರ್ಡ್‌ನಲ್ಲಿ ಗಣಿತ, ಕೆಮಿಸ್ಟ್ರಿ ಓದಿದವರು. 1899ರಲ್ಲಿ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿ ಸೇರಿದರು. ಅವರ ಮುಂದಿದ್ದದ್ದು ಪಕ್ಕಾ ವ್ಯಾಪಾರದ ತಲೆನೋವು. ಬಾರ್ಲಿ ಒಳ್ಳೆಯದಾ ಅಂತ ನೋಡಲು ಪ್ರಯೋಗ ಬೇಕು, ಪ್ರತಿ ಪ್ರಯೋಗಕ್ಕೂ ದುಡ್ಡು, ಹಾಗಾಗಿ ಕೈಗೆ ಸಿಗುವುದು ನಾಲ್ಕಾರು ಸ್ಯಾಂಪಲ್ ಮಾತ್ರ. ಅಷ್ಟರಲ್ಲೇ ಎಷ್ಟು ನಂಬಬಹುದು? ಅದಕ್ಕೆ ಅವರು ಕಂಡುಕೊಂಡ ಉತ್ತರ 1908ರಲ್ಲಿ ಅಚ್ಚಾಯಿತು. ಸ್ವಂತ ಹೆಸರಿನಲ್ಲಿ ಬರೆಯಲು ಕಂಪನಿ ಬಿಡುತ್ತಿರಲಿಲ್ಲ, 'ಸ್ಟೂಡೆಂಟ್' ಅಂತ ಸಹಿ ಹಾಕಿದರು. ಇವತ್ತು ಪ್ರಪಂಚದ ಎಲ್ಲ ಕಡೆ ಮಕ್ಕಳು ಓದುವ ಸ್ಟೂಡೆಂಟ್ಸ್ ಟಿ-ಟೆಸ್ಟ್ ಅದೇ.

ಊರಿನಲ್ಲಿರುವ ನಿಮ್ಮ ಅಕ್ಕ ತಂಗಿಯರ ಮಕ್ಕಳಿಗೂ ಈ ದಾರಿ ಇದೆಯಾ ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೇಳಿದರು. ಈಗ ಇದೆ. 2022ರಲ್ಲಿ ಯುಜಿಸಿ ಎರಡು ಡಿಗ್ರಿ ಒಟ್ಟಿಗೆ ಓದಲು ಒಪ್ಪಿಗೆ ಕೊಟ್ಟಿತು. ಎರಡೂ ಕಾಲೇಜಿನಲ್ಲೇ ಆದರೆ ಕ್ಲಾಸಿನ ಸಮಯ ಒಂದರ ಮೇಲೊಂದು ಬರಬಾರದು. ಇಲ್ಲವೇ ಒಂದು ಕಾಲೇಜಿನಲ್ಲಿ, ಇನ್ನೊಂದು ದೂರಶಿಕ್ಷಣದಲ್ಲಿ. ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಾ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಕಾಂ ಮಾಡಬಹುದು. ಕಾಮರ್ಸ್ ಓದಿದವರಿಗೂ ಬಾಗಿಲು ತೆರೆದಿದೆ. ಐಐಟಿ ಮದ್ರಾಸ್‌ನ ಆನ್‌ಲೈನ್ ಡೇಟಾ ಸೈನ್ಸ್ ಬಿಎಸ್ ಓದಲು ಪಿಯುಸಿಯಲ್ಲಿ ಯಾವ ವಿಭಾಗವಾದರೂ ಸರಿ, ಹತ್ತನೇ ಕ್ಲಾಸಿನಲ್ಲಿ ಗಣಿತ, ಇಂಗ್ಲಿಷ್ ಓದಿರಬೇಕು, ಅವರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಅಲ್ಲಿ ಎಲೆಕ್ಟಿವ್‌ಗಳನ್ನು ಅದಲು ಬದಲು ಮಾಡುವ ಲೆಕ್ಕ ಇಲ್ಲ. ಎರಡು ಡಿಗ್ರಿಯ ಎಲ್ಲ ಪೇಪರ್‌ಗಳನ್ನೂ ಬರೆಯಬೇಕು. ಮನೆಯ ಕೆಲಸ, ಬಸ್ಸಿನ ಓಡಾಟ ಇರುವ ಮಗುವಿಗೆ ಅದು ಸಣ್ಣ ಹೊರೆಯಲ್ಲ.

ನಡುವೆ ಒಂದನ್ನು ಬಿಟ್ಟರೆ ಏನಾಗುತ್ತದೆ ಅಂತಲೂ ಕೇಳಿದಿರಿ. ಇಲ್ಲಿ ಸಾಮಾನ್ಯವಾಗಿ ಒಂದೇ ಡಿಗ್ರಿಗೆ ಬದಲಾಯಿಸಿಕೊಳ್ಳಬಹುದು, ಓದಿದ ಯೂನಿಟ್‌ಗಳಲ್ಲಿ ಬಹಳಷ್ಟು ಎಲೆಕ್ಟಿವ್ ಲೆಕ್ಕಕ್ಕೆ ಸೇರುತ್ತವೆ. ನನ್ನ ಜೊತೆ ಸೇರಿದವರಲ್ಲಿ ಹಲವರು ಹಾಗೆ ಮಾಡಿದರು. ಅವರನ್ನು ಯಾರೂ ಸೋತವರು ಅನ್ನಬಾರದು. ಹದಿನೇಳಕ್ಕೆ ಗೊತ್ತಿಲ್ಲದ್ದು ಹತ್ತೊಂಬತ್ತಕ್ಕೆ ಗೊತ್ತಾಗಿದೆ. ಮಕ್ಕಳು ಹಾಗೆ ಹೇಳಿಕೊಂಡು ಬಂದರೆ ದಯವಿಟ್ಟು ಕೂತು ಕೇಳಿ.

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇನ್ನೂ ಪೂರ್ತಿ ಕೊಟ್ಟಿಲ್ಲ. ಓದು ಮುಗಿಸಿ ಊರಿಗೆ ಹೋದಾಗ ತೋಟದ ನಡುವೆ, ಮರದ ಹನಿ ಬೀಳದ ಜಾಗ ಹುಡುಕಿ, ಒಂದು ಮಳೆ ಅಳೆಯುವ ಗಾಜಿನ ಕೊಳವೆ ನೆಟ್ಟು ಬಂದೆ. ಚಿಕ್ಕಮ್ಮ ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ಕ್ಯಾಲೆಂಡರ್‌ನ ಆ ದಿನದ ಚೌಕದಲ್ಲಿ ಬರೆಯುತ್ತಾರೆ. ಮೂರು ಮಳೆಗಾಲದ ಹಾಳೆಗಳ ಫೋಟೋ ನನ್ನ ಫೋನಿನಲ್ಲಿದೆ. ಪಂಚಾಯಿತಿ ಮಾಪಕದ ಅಂಕಿಗಳ ಪಕ್ಕ ಇಟ್ಟು ನೋಡುತ್ತಿದ್ದೇನೆ. ಮೊದಲ ವರ್ಷದ ಜುಲೈನಲ್ಲಿ ಒಂದು ಚೌಕ ಖಾಲಿ ಇತ್ತು. ಫೋನ್ ಮಾಡಿ ಕೇಳಿದೆ. "ಅವತ್ತು ಕೊಳವೆ ತುಂಬಿ ಹೊರಗೆ ಚೆಲ್ಲಿತ್ತು ಕಣೇ, ಎಷ್ಟು ಬಂತು ಅಂತಲೇ ಗೊತ್ತಾಗಲಿಲ್ಲ. ಸೊನ್ನೆ ಅಂತ ಬರೆಯಲಾ?" ಅಂದರು. ಬೇಡ ಚಿಕ್ಕಮ್ಮ, ಕೊಳವೆ ತುಂಬಿತ್ತು ಅಂತಲೇ ಬರೆಯಿರಿ ಅಂದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿದ್ದದ್ದು ಅದೇ ದಿನ. ಮುಂದಿನ ಸಲ ಇನ್ನೂ ದೊಡ್ಡ ಕೊಳವೆ ತಗೊಂಡು ಹೋದೆ.